ರಾಮರಾಯ ಆಟದಲ್ಲಾದರೂ ಗೆಲ್ಲಲಿ, ಆದರೆ ಕುದುರೆ ಎಲ್ಲಿಂದ ಬಂತು?

ಹಂಪಿಯ ಮಂಟಪಗಳ ನೆಲಗಲ್ಲಿನಲ್ಲಿ ಹುಲಿ-ಕುರಿ ಆಟದ ಗೆರೆ ಕೊರೆದದ್ದು ಈಗಲೂ ಕಾಣುತ್ತದೆ. ಗೆರೆ ಬಿಟ್ಟು ಯಾರೂ ನಡೆಯುವಂತಿಲ್ಲ. ಹುಲಿ ಹಾರಬಹುದು, ಕುರಿ ಹಾರುವಂತಿಲ್ಲ. ಗೆಲ್ಲುವವರು ಯಾರು ಎಂದು ಮಾತ್ರ ಮೊದಲೇ ಬರೆದಿಲ್ಲ.

ಈಗ ಅದೇ ನೆಲದ ಯುದ್ಧ ಕಂಪ್ಯೂಟರ್ ಆಟದಲ್ಲಿದೆ. ಸ್ವೀಡನ್ನಿನ ಪ್ಯಾರಾಡಾಕ್ಸ್ ಕಂಪನಿಯ 'ಯುರೋಪಾ ಯೂನಿವರ್ಸಾಲಿಸ್' ಸರಣಿಯ ನಾಲ್ಕನೇ ಆಟ 2013ರಲ್ಲಿ ಬಂತು. ಅದು ಶುರುವಾಗುವುದು 1444ರ ನವೆಂಬರ್ 11ಕ್ಕೆ, ವಿಜಯನಗರದಲ್ಲಿ ಎರಡನೇ ದೇವರಾಯ ಆಳುತ್ತಿದ್ದ ಕಾಲಕ್ಕೆ. ಅಲ್ಲಿಯವರೆಗೆ ಇತಿಹಾಸ, ಮುಂದೆ ಆಡುವವರ ಕೈ. 1565 ಬಂದರೂ ತಾಳಿಕೋಟೆ ಯುದ್ಧ ಆಗಲೇಬೇಕೆಂದಿಲ್ಲ. 2001ರ ಎರಡನೇ ಆಟ ಹೀಗಿರಲಿಲ್ಲ, ಅದರಲ್ಲಿ ಎಷ್ಟೋ ಘಟನೆಗಳು ತಾರೀಖು ಹಿಡಿದೇ ಬರುತ್ತಿದ್ದವು. 2007ರ ಮೂರನೇ ಆಟದಿಂದ ಆ ಬಿಗಿ ಸಡಿಲಾಯಿತು. ತಾರೀಖು ಉಳಿಯಬೇಕೋ, ಆಡುವವರ ಸ್ವಾತಂತ್ರ್ಯವೋ ಎಂಬ ಜಗಳ ಇನ್ನೂ ಮುಗಿದಿಲ್ಲ.

ತಾರೀಖು ಹೋದರೆ ಹೋಗಲಿ, ಕಾರಣ ಹೋಗಬಾರದು ಅನ್ನುವವರು ನಾವು.

ಕುದುರೆಯನ್ನೇ ನೋಡಿ. ವಿಜಯನಗರಕ್ಕೆ ಒಳ್ಳೆಯ ಯುದ್ಧದ ಕುದುರೆ ಬರುತ್ತಿದ್ದದ್ದು ಅರಬ್ ಕಡೆಯಿಂದ, ಹಡಗಿನಲ್ಲಿ, ಗೋವಾ-ಭಟ್ಕಳದ ಬಂದರುಗಳಿಗೆ. 1510ರಲ್ಲಿ ಗೋವಾ ಪೋರ್ಚುಗೀಸರ ಕೈಗೆ ಹೋಯಿತು. ಅಂದಮೇಲೆ ಅವರ ಜೊತೆ ಸ್ನೇಹ ಬೇಕೇ ಬೇಕು. 1520ರ ರಾಯಚೂರು ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪರ ಪೋರ್ಚುಗೀಸ್ ಬಂದೂಕಿನವರೂ ಇದ್ದರು. ಬಟನ್ ಒತ್ತಿದರೆ ಸಾವಿರ ಕುದುರೆ ಹುಟ್ಟುವ ಆಟ, ತಾರೀಖೆಲ್ಲ ಸರಿಯಿದ್ದರೂ ಸುಳ್ಳೇ.

ಇನ್ನು 1565ರ ಜನವರಿ 23. 'ಇಬ್ಬರು ಸರದಾರರು ದ್ರೋಹ ಮಾಡದಿದ್ದರೆ' ಎಂಬ ರೀಲ್ಸ್ ನಮ್ಮ ಹುಡುಗರ ಫೋನಿನಲ್ಲಿ ಓಡಾಡುತ್ತವೆ. ಆ ಮಾತು ಯುದ್ಧದ ನಂತರ ವಿಜಯನಗರಕ್ಕೆ ಬಂದ ವೆನಿಸ್ಸಿನ ವ್ಯಾಪಾರಿ ಫೆಡರೀಚಿ ಬರೆದದ್ದರಿಂದ ಹರಡಿತು. ಆದರೆ ರಾಮರಾಯ ಅದಕ್ಕೂ ಮೊದಲು ವರ್ಷಗಟ್ಟಲೆ ಒಬ್ಬ ಸುಲ್ತಾನನ ಜೊತೆ ಸೇರಿ ಇನ್ನೊಬ್ಬನನ್ನು ಬಗ್ಗಿಸುತ್ತ ಬಂದಿದ್ದ. ಬಿಜಾಪುರದ ಜೊತೆ ಸೇರಿ ಅಹ್ಮದ್‌ನಗರದ ಮೇಲೆ ಹೋದದ್ದೂ ಉಂಟು. ಕೊನೆಗೆ ಆ ಇಬ್ಬರೂ, ಗೋಲ್ಕೊಂಡ, ಬೀದರ್ ಕೂಡ, ಒಂದಾದರು. ಇದನ್ನು ಬರೀ ಧರ್ಮದ ಜಗಳ ಎಂದು ರೀಲ್ಸ್ ಹೇಳುತ್ತದೆ. ಕಾಳಗದ ಒಂದು ದಿನವನ್ನಲ್ಲ, ಅದರ ಹಿಂದಿನ ಇಪ್ಪತ್ತು ವರ್ಷವನ್ನು ಆಡಲು ಬಿಟ್ಟರೆ ಹುಡುಗರಿಗೇ ಗೊತ್ತಾಗುತ್ತದೆ: ನಿನ್ನೆಯ ಗೆಳೆಯರೇ ಇವತ್ತಿನ ಎದುರಾಳಿಗಳು.

ಸೋತ ಮೇಲೆ ತಿರುಮಲರಾಯ ಪೆನುಕೊಂಡೆಗೆ ಹೋದ. ನಮ್ಮ ಕಡೆ ಹರಪನಹಳ್ಳಿ, ಗುಡೇಕೋಟೆ, ಜರಿಮಲೆಯ ಪಾಳೆಗಾರರು ಬಲಿತರು. ಹರಪನಹಳ್ಳಿಯ ಪಾಳೆಗಾರನಾಗಿ ಆಡುವುದೆಂದರೆ ಲೋಕ ಗೆಲ್ಲುವುದಲ್ಲ. ಒಮ್ಮೆ ಇವರಿಗೆ, ಒಮ್ಮೆ ಅವರಿಗೆ ಕಪ್ಪ ಕೊಟ್ಟು, ಹೈದರಾಲಿ ಬಂದಾಗ ತಲೆಬಾಗಿ, ಕೋಟೆ ಉಳಿಸಿಕೊಳ್ಳುವುದು. 1800ರಲ್ಲಿ ಈ ಸೀಮೆ ಕಂಪನಿಗೆ ಹೋಗಿ ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದ, ಪಾಳೆಗಾರಿಕೆಯ ಆಟ ಮುಗಿಯಿತು.

ಆ ಸ್ವೀಡನ್ ಆಟದಲ್ಲಿ ಒಂದು ಒಳ್ಳೆಯ ಲೆಕ್ಕವಿದೆ, ಯುದ್ಧ ನಡೆದ ಸೀಮೆ ಹಾಳಾಗಿ ಅದರ ಆದಾಯ ಇಳಿಯುತ್ತದೆ. ಹಡಗಲಿಯಿಂದ ಹಂಪಿಗೆ ಹೊಳೆಯ ಮೇಲೆ ಹೂವು ಹೋಗುತ್ತಿತ್ತೆಂದು ಊರಲ್ಲಿ ಹೇಳುತ್ತಾರೆ. ಹಂಪಿ ಹಾಳಾದ ವರ್ಷ ಆ ಹೂವನ್ನು ಯಾರಿಗೆ ಮಾರಿದರು ಎಂಬ ಲೆಕ್ಕ ಮಾತ್ರ ಯಾವ ಆಟದಲ್ಲೂ ನಮಗೆ ಸಿಕ್ಕಿಲ್ಲ.