ಯುಆರ್‌ಎಲ್ ರೂಟಿಂಗ್

ಪುಟವನ್ನು ಮತ್ತೆ ಲೋಡ್ ಮಾಡದೆ ಪರದೆಯನ್ನಷ್ಟೇ ಬದಲಿಸುವ ಜಾವಾಸ್ಕ್ರಿಪ್ಟ್ ಆ್ಯಪ್‌ಗಳಲ್ಲಿ ಬ್ರೌಸರಿನ ವಿಳಾಸವನ್ನೂ ಪರದೆಯ ಮೇಲಿನ ವಿಷಯವನ್ನೂ ಹೊಂದಿಸಿಡುವ ವ್ಯವಸ್ಥೆ. ಈ ಕೆಲಸ ಮಾಡುವ ಭಾಗವೇ ರೂಟರ್.

ಬೆಂಗಳೂರು ಮೆಟ್ರೊದ ಹಸಿರು ಮಾರ್ಗದ ಮಾಹಿತಿ ಕೊಡುವ ಒಂದು ಆ್ಯಪ್ ಇದೆಯೆಂದುಕೊಳ್ಳೋಣ. ಪೀಣ್ಯ ಇಂಡಸ್ಟ್ರಿ ನಿಲ್ದಾಣದ ವಿವರ ನೋಡುತ್ತಿದ್ದವರು ಪಕ್ಕದ ಜಾಲಹಳ್ಳಿಯನ್ನು ಒತ್ತಿದಾಗ ವಿಳಾಸ ಹಳೆಯದೇ ಉಳಿದರೆ, ಆ ಕೊಂಡಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಪಡೆದವರಿಗೆ ಪೀಣ್ಯ ಇಂಡಸ್ಟ್ರಿಯೇ ತೆರೆದುಕೊಳ್ಳುತ್ತದೆ. ಬ್ಯಾಕ್ ಒತ್ತಿದವರು ಆ್ಯಪ್‌ನಿಂದಲೇ ಹೊರಬೀಳುತ್ತಾರೆ.

ಮೊದಲ ಪರಿಹಾರ # ಚಿಹ್ನೆಯದು. ಅದರ ನಂತರದ ಭಾಗವನ್ನು ಬ್ರೌಸರ್ ಸರ್ವರಿಗೆ ಕಳಿಸುವುದಿಲ್ಲ, ಹಾಗಾಗಿ ಅದು ಬದಲಾದರೂ ಪುಟ ಮತ್ತೆ ಲೋಡ್ ಆಗದು. ಇಂಥ ವಿಳಾಸಗಳನ್ನು ಹುಡುಕಾಟಕ್ಕೆ ಸಿಗುವಂತೆ ಮಾಡಲು ಗೂಗಲ್ 2009ರಲ್ಲಿ #! ಪದ್ಧತಿಯನ್ನು ಸೂಚಿಸಿತು, ಟ್ವಿಟರ್ ಅದನ್ನು ಅಳವಡಿಸಿಕೊಂಡು 2012ರಲ್ಲಿ ಕೈಬಿಟ್ಟಿತು, 2015ರಲ್ಲಿ ಗೂಗಲ್ಲೇ ಹಿಂದೆ ಸರಿಯಿತು. ಅಷ್ಟರಲ್ಲಿ ಎಚ್‌ಟಿಎಂಎಲ್5ರ ಹಿಸ್ಟರಿ ಎಪಿಐ ನೆಲೆಯೂರಿತ್ತು. ಅದರ ಪುಶ್‌ಸ್ಟೇಟ್ ಹೊಸ ವಿಳಾಸವನ್ನು ಇತಿಹಾಸಕ್ಕೆ ಸೇರಿಸುತ್ತದೆ, ರಿಪ್ಲೇಸ್‌ಸ್ಟೇಟ್ ಈಗಿನದನ್ನು ತಿದ್ದುತ್ತದೆ, ಬ್ಯಾಕ್ ಒತ್ತಿದಾಗ ಪಾಪ್‌ಸ್ಟೇಟ್ ಸುದ್ದಿ ಮುಟ್ಟಿಸುತ್ತದೆ. ಆದರೆ ಪುಶ್‌ಸ್ಟೇಟ್ ಕರೆದಾಗ ಪಾಪ್‌ಸ್ಟೇಟ್ ಏಳುವುದಿಲ್ಲ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಇನ್ನೊಂದು ತೊಡಕು ಸರ್ವರಿನದು: ಎಲ್ಲ ಒಳವಿಳಾಸಗಳಿಗೂ ಅದು ಆ್ಯಪ್‌ನ ಮೊದಲ ಪುಟವನ್ನೇ ಕೊಡದಿದ್ದರೆ ರಿಫ್ರೆಶ್ ಮಾಡಿದವರಿಗೆ 404 ಕಾಣುತ್ತದೆ.

ಬ್ಯಾಕ್‌ಬೋನ್, ಎಂಬರ್, ಆ್ಯಂಗ್ಯುಲರ್, ರಿಯಾಕ್ಟ್ ರೂಟರ್ ಇವೆಲ್ಲ ಈ ಮೂಲಸಾಮಗ್ರಿಯನ್ನೇ ತಂತಮ್ಮ ರೀತಿಯಲ್ಲಿ ಬಳಸುತ್ತವೆ. ಹೆಚ್ಚು ಯೋಚಿಸಬೇಕಾದ್ದು ವಿಳಾಸದಲ್ಲಿ ಏನಿರಬೇಕೆಂಬುದನ್ನು. ನಿಲ್ದಾಣ, ಹುಡುಕಿದ ಪದ, ಪುಟಸಂಖ್ಯೆ ಅಲ್ಲಿರಬೇಕು. ಮೆನು ತೆರೆದಿದೆಯೋ ಮುಚ್ಚಿದೆಯೋ ಎಂಬುದು ಬೇಕಿಲ್ಲ.

ಕನ್ನಡದ ವಿಳಾಸಗಳಿಗೆ ಬಂದರೆ ಕೈಪಿಡಿಗಳು ಸಾಮಾನ್ಯವಾಗಿ ಮೌನ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ವಿಳಾಸದಲ್ಲಿ ಪ್ರತಿ ಬೈಟೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರವಾಗುತ್ತದೆ. ‘ಜಾಲಹಳ್ಳಿ’ಯಲ್ಲಿ ಕಾಗುಣಿತದ ಚಿಹ್ನೆಗಳೂ ಸೇರಿ ಎಂಟು ಸಂಕೇತಗಳಿರುವುದರಿಂದ ಅದು 72 ಅಕ್ಷರಗಳಷ್ಟು ಉದ್ದವಾಗುತ್ತದೆ. ಕನ್ನಡ ವಿಕಿಪೀಡಿಯದ ಕೊಂಡಿಯನ್ನು ನಕಲಿಸಿದವರು ಈ ಮಾಲೆಯನ್ನು ಕಂಡಿರುತ್ತಾರೆ. ರೂಟರ್ ಅದನ್ನು ಬಿಡಿಸಿ ಹೋಲಿಸಬೇಕು, ಅದೂ ಒಂದೇ ಸಲ.

‘ಪೀಣ್ಯ’ದ ತೊಡಕು ಇನ್ನೂ ಸೂಕ್ಷ್ಮ. ಯೂನಿಕೋಡ್‌ನಲ್ಲಿ ಗುಡಿಸಿನ ದೀರ್ಘವನ್ನು ಒಂದೇ ಸಂಕೇತವಾಗಿಯೂ, ಗುಡಿಸು ಮತ್ತು ದೀರ್ಘಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಸಂಕೇತಗಳನ್ನಷ್ಟೇ ಹೋಲಿಸುವ ಜಾವಾಸ್ಕ್ರಿಪ್ಟ್‌ಗೆ ಬೇರೆ ಬೇರೆ. ಹೋಲಿಸುವ ಮೊದಲು ಎರಡನ್ನೂ ಎನ್‌ಎಫ್‌ಸಿ ಎಂಬ ಪ್ರಮಾಣಿತ ರೂಪಕ್ಕೆ ತಂದರೆ ಈ ಸಮಸ್ಯೆ ತೀರುತ್ತದೆ. ‘ಸಾಫ್ಟ್‌ವೇರ್’ ಪದದ ನಡುವೆ ಅಡಗಿರುವ ಅದೃಶ್ಯ ಸಂಕೇತ ಮಾತ್ರ ಎನ್‌ಎಫ್‌ಸಿಗೂ ಬಗ್ಗದು. ಅದನ್ನು ಕೆಲವರು ಬೆರಳಚ್ಚಿಸುತ್ತಾರೆ, ಕೆಲವರು ಬಿಡುತ್ತಾರೆ.

ಹೀಗಾಗಿ ವಿಳಾಸದಲ್ಲಿ ಹೆಸರಿನ ಜೊತೆ ಒಂದು ಸಂಖ್ಯೆಯನ್ನೂ ಇಡುವುದು ಕ್ಷೇಮ: /ನಿಲ್ದಾಣ/12/ಜಾಲಹಳ್ಳಿ. ರೂಟರ್ ಸಂಖ್ಯೆಯನ್ನಷ್ಟೇ ನಂಬುತ್ತದೆ; ಹೆಸರು ಓದುಗರಿಗಾಗಿ. ಯಾರಾದರೂ ಹೆಸರನ್ನು ತಪ್ಪಾಗಿ ಬರೆದು ಬಂದರೆ ಸರಿಯಾದ ನಿಲ್ದಾಣವನ್ನು ತೋರಿಸಿ, ರಿಪ್ಲೇಸ್‌ಸ್ಟೇಟ್ ಮೂಲಕ ವಿಳಾಸವನ್ನು ತಿದ್ದಿದರಾಯಿತು.