ತನ್ನ ನೋಟಿಗೆ ತಾನೇ ತೀರ್ಪು ಕೊಟ್ಟ ಮಂತ್ರಿ



ನೋಟು ಹೊರಡಿಸಿದ ಮಂತ್ರಿಯೇ ಮುಂದೆ ನ್ಯಾಯಾಧೀಶನಾಗಿ ಆ ನೋಟಿನ ವಿರುದ್ಧ ತೀರ್ಪು ಬರೆದದ್ದುಂಟೇ? ಉಂಟು. ಅವರು ಅಮೆರಿಕದ ಸಾಲ್ಮನ್ ಚೇಸ್.

ಚೇಸ್ ಹುಟ್ಟಿದ್ದು 1808ರಲ್ಲಿ. ಒಂಬತ್ತನೆಯ ವಯಸ್ಸಿಗೇ ತಂದೆ ತೀರಿಕೊಂಡರು. ಬಿಷಪ್ಪರಾಗಿದ್ದ ಚಿಕ್ಕಪ್ಪನ ಆಶ್ರಯದಲ್ಲಿ ಕೆಲವು ವರ್ಷ ಬೆಳೆದು, ಓದಿ, ಸಿನ್ಸಿನಾಟಿ ನಗರದಲ್ಲಿ ವಕೀಲರಾದರು. ತಪ್ಪಿಸಿಕೊಂಡು ಬಂದ ಗುಲಾಮರ ಪರವಾಗಿ ವಾದಿಸಿ ಹೆಸರಾದರು. ಒಹಾಯೊ ರಾಜ್ಯದ ಗವರ್ನರರೂ ಆದರು. 1861ರ ಮಾರ್ಚಿಯಲ್ಲಿ ಲಿಂಕನ್ನರ ಸರಕಾರದಲ್ಲಿ ಹಣಕಾಸು ಮಂತ್ರಿಯಾದರು. ಮರುತಿಂಗಳೇ ಅಂತರ್ಯುದ್ಧ ಆರಂಭವಾಯಿತು.

ಆಗ ಅಲ್ಲಿ ಒಂದೊಂದು ಊರಿನ ಬ್ಯಾಂಕೂ ತನ್ನದೇ ನೋಟು ಅಚ್ಚು ಹಾಕುತ್ತಿತ್ತು. ನೋಟು ತಂದವನಿಗೆ ಚಿನ್ನ ಬೆಳ್ಳಿಯ ನಾಣ್ಯ ಕೊಡಬೇಕು ಎಂಬುದು ಕರಾರು. 1861ರ ಡಿಸೆಂಬರ್ ಕೊನೆಗೆ ಬ್ಯಾಂಕುಗಳು ಅದನ್ನು ನಿಲ್ಲಿಸಿಬಿಟ್ಟವು. ಸಿಪಾಯಿಗಳ ಸಂಬಳಕ್ಕೂ ತತ್ವಾರ. ಬರೀ ಕಾಗದದ ಹಣ ಚೇಸ್ ಅವರಿಗೆ ಹಿಡಿಸದು. ಆದರೂ ಬೇರೆ ದಾರಿಯಿಲ್ಲದೆ ಒಪ್ಪಿದರು. 1862ರ ಫೆಬ್ರವರಿ 25ರ ಕಾಯಿದೆಯಂತೆ ಮೊದಲಿಗೆ 15 ಕೋಟಿ ಡಾಲರಿನ ನೋಟು ಬಂತು. ಇದಕ್ಕೆ ಚಿನ್ನ ಕೇಳುವಂತಿಲ್ಲ. ಸಾಲಕ್ಕೆ ಕೊಟ್ಟರೆ ಬೇಡವೆನ್ನುವಂತಿಲ್ಲ. ಹಿಂಬದಿ ಹಸಿರು ಶಾಯಿ ಇದ್ದುದರಿಂದ ಜನ ಅದನ್ನು 'ಗ್ರೀನ್‌ಬ್ಯಾಕ್' ಎಂದರು. ಒಂದು ಡಾಲರಿನ ನೋಟಿನ ಮೇಲೆ ಇದ್ದದ್ದು ಚೇಸ್ ಅವರದೇ ಚಿತ್ರ! ಅಧ್ಯಕ್ಷನಾಗಬೇಕೆಂಬ ಆಸೆ ಅವರಿಗೆ ಕೊನೆತನಕ ಇತ್ತು.

1863ರಲ್ಲಿ ರಾಷ್ಟ್ರೀಯ ಬ್ಯಾಂಕುಗಳ ಕಾಯಿದೆಯನ್ನೂ ತಂದರು. ಜೇ ಕುಕ್ ಎಂಬ ಬ್ಯಾಂಕರರ ಮೂಲಕ ಸರಕಾರಿ ಸಾಲಪತ್ರಗಳನ್ನು ಸಾಮಾನ್ಯ ಜನರಿಗೂ ಮಾರಿಸಿದರು. ಯುದ್ಧ ನಡೆಯಿತು, ಆದರೆ ನೋಟಿನ ಬೆಲೆ ಇಳಿಯಿತು. 1864ರ ಬೇಸಿಗೆಯಲ್ಲಿ 100 ಡಾಲರಿನ ನೋಟಿಗೆ 40 ಡಾಲರಿನ ಚಿನ್ನವೂ ಸಿಗಲಿಲ್ಲ. ಅದೇ ಜೂನಿನಲ್ಲಿ ಚೇಸ್ ರಾಜೀನಾಮೆ ಕೊಟ್ಟರು. ಡಿಸೆಂಬರಿನಲ್ಲಿ ಲಿಂಕನ್ ಅವರನ್ನೇ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಿದರು.

ಅಲ್ಲಿಗೆ ಒಂದು ಮೊಕದ್ದಮೆ ಬಂತು. ಹೆಪ್ಬರ್ನ್ ಎಂಬಾಕೆ 1860ರಲ್ಲಿ ಗ್ರಿಸ್‌ವೋಲ್ಡ್ ಎಂಬವರಿಗೆ 11,250 ಡಾಲರಿಗೆ ಪ್ರೋನೋಟು ಬರೆದುಕೊಟ್ಟಿದ್ದರು. ವಾಯಿದೆ ತೀರಿದ್ದು 1862ರ ಫೆಬ್ರವರಿ 20ಕ್ಕೆ, ಅಂದರೆ ಕಾಯಿದೆಗೆ ಐದೇ ದಿನ ಮೊದಲು. ಆಕೆ 1864ರಲ್ಲಿ ಹಸಿರು ನೋಟು ಕೊಡಹೋದರೆ ಸಾಲ ಕೊಟ್ಟವರು ಒಲ್ಲೆನೆಂದರು. ಚಿನ್ನದ ಲೆಕ್ಕದಲ್ಲಿ ಕೊಟ್ಟ ಸಾಲ ಕಡಿಮೆಯಾಗಿ ಹಿಂದೆ ಬಂದರೆ ಯಾರು ಒಪ್ಪುತ್ತಾರೆ?

1870ರ ಫೆಬ್ರವರಿ 7ರಂದು ಚೇಸ್ ತೀರ್ಪು ಓದಿದರು: ಕಾಯಿದೆಗೆ ಹಿಂದಿನ ಸಾಲಗಳಿಗೆ ಈ ನೋಟನ್ನು ಬಲವಂತ ಮಾಡುವುದು ಸಂವಿಧಾನಕ್ಕೆ ಸಲ್ಲದು. ಯುದ್ಧದ ಗದ್ದಲದಲ್ಲಿ ಸಮಾಧಾನವಾಗಿ ಆಲೋಚಿಸಲು ಆಸ್ಪದವಿರಲಿಲ್ಲ ಎಂದೂ ಅದರಲ್ಲಿ ಬರೆದರು.

ಅವರ ಮಾತು ನಿಲ್ಲಲಿಲ್ಲ. ಇಬ್ಬರು ಹೊಸ ನ್ಯಾಯಾಧೀಶರು ಬಂದ ಮೇಲೆ 1871ರಲ್ಲಿ ಅದೇ ಕೋರ್ಟು ತೀರ್ಪನ್ನು ತಿರುಗಿಸಿತು. ಚೇಸ್ ಭಿನ್ನಮತ ಬರೆದರು. 1873ರಲ್ಲಿ ತೀರಿಕೊಂಡರು.

ಆ ನೋಟಿನ ಬಲವಿಲ್ಲದೆ ಯುದ್ಧ ನಡೆಸುವುದು ಕಷ್ಟವಿತ್ತು. ಯುದ್ಧ ಗೆದ್ದುದರಿಂದಲೇ 1865ರಲ್ಲಿ ಗುಲಾಮಗಿರಿ ರದ್ದಾಯಿತು. ಆದರೆ ನಂಬಿ ಸಾಲ ಕೊಟ್ಟವನಿಗೆ ನಷ್ಟವಾದದ್ದೂ ನಿಜ. ಮಂತ್ರಿಯಾಗಿ ಮೊದಲನೆಯದನ್ನು ನೋಡಿದ ಚೇಸ್, ನ್ಯಾಯಪೀಠದಲ್ಲಿ ಕುಳಿತು ಎರಡನೆಯದನ್ನು ಮುಚ್ಚಿಡಲಿಲ್ಲ. ತನ್ನದೇ ಮುಖವಿದ್ದ ನೋಟಿನ ವಿಷಯದಲ್ಲೂ ಹಾಗೆ ನಡೆದುಕೊಂಡರು ಎಂಬುದಕ್ಕೇ ಅವರನ್ನು ನೆನೆಯಬೇಕು.