ಪದ ಪರಿಚಯ: ಸ್ವಾರಸ್ಯ

ಸ್ವಾರಸ್ಯ

"ಕೊನೆ ಹೇಳಬೇಡಿ, ಸ್ವಾರಸ್ಯ ಕೆಟ್ಟುಹೋಗುತ್ತೆ." ಹೊಸ ಸಿನಿಮಾ ಬಂದಾಗಲೆಲ್ಲ ಕಿವಿಗೆ ಬೀಳುವ ಮಾತು. ಇಲ್ಲಿ ಸ್ವಾರಸ್ಯವೆಂದರೆ 'ಮುಂದೇನು' ಎಂಬ ತವಕ ಮಾತ್ರ. ಪದದ ಹರವು ಅದಕ್ಕಿಂತ ದೊಡ್ಡದು.

ಸಂಸ್ಕೃತದ 'ಸ್ವ' (ತನ್ನ) ಮತ್ತು 'ರಸ' ಸೇರಿ ಸ್ವರಸ. ಅದರ ಭಾವನಾಮ ಸ್ವಾರಸ್ಯ. ಹಸಿ ಸೊಪ್ಪನ್ನು ಜಜ್ಜಿ ಹಿಂಡಿದ ರಸಕ್ಕೆ ಆಯುರ್ವೇದದಲ್ಲಿ ಇಂದಿಗೂ ಸ್ವರಸವೆಂದೇ ಹೆಸರು. ವ್ಯಾಖ್ಯಾನಕಾರರಿಗೆ ಸ್ವಾರಸ್ಯವೆಂದರೆ ಎಳೆದಾಡದೆ ಸಹಜವಾಗಿ ಒದಗುವ ಅರ್ಥ. ಕನ್ನಡದಲ್ಲಿ ಸೊಗಸು, ರುಚಿ, ಆಸಕ್ತಿ ಎಂದೆಲ್ಲ ಬೆಳೆಯಿತು. ತಮಿಳಿನ ಸುವಾರಸ್ಯಂ, ತೆಲುಗಿನ ಸ್ವಾರಸ್ಯಂ ನಮ್ಮ ಬಳಕೆಗೆ ಹತ್ತಿರ. ಮರಾಠಿಯಲ್ಲಿ ಅದು ಒಬ್ಬರಿಗೆ ಒಂದರಲ್ಲಿ ಇರುವ ಆಸಕ್ತಿ. ಮಲಯಾಳದ ಅಸ್ವಾರಸ್ಯಂ ಎಂದರೆ ಮನಸ್ತಾಪ.

ಪತ್ತೇದಾರಿ ಕಾದಂಬರಿಯ ಕೊಲೆಗಾರನನ್ನು ಮೊದಲೇ ಹೆಸರಿಸುವುದು ಅನ್ಯಾಯ, ಒಪ್ಪುತ್ತೇನೆ. ಆದರೆ 10ನೆಯ ಶತಮಾನದ ರನ್ನ ತನ್ನ ಗದಾಯುದ್ಧ ಕಾವ್ಯಕ್ಕೆ 'ಸಾಹಸಭೀಮ ವಿಜಯ' ಎಂಬ ಹೆಸರನ್ನೂ ಇಟ್ಟು, ಗೆಲ್ಲುವವನು ಯಾರೆಂದು ಅಲ್ಲೇ ಸಾರಿಬಿಟ್ಟ. ರಣರಂಗದಲ್ಲಿ ದುಶ್ಶಾಸನ, ಕರ್ಣರ ಶವಗಳ ಮುಂದೆ ದುರ್ಯೋಧನ ಮರುಗುವಾಗ, ಅವನ ಸೋಲು ನಮಗೆ ಮೊದಲೇ ಗೊತ್ತಿರುವುದರಿಂದಲೇ ಕರುಳು ಹಿಂಡುತ್ತದೆ. ಯಕ್ಷಗಾನದ 'ಗದಾಯುದ್ಧ' ಪ್ರಸಂಗಕ್ಕೆ ಬಂದು ಕೂರುವವರೂ ಗೆದ್ದವರಾರೆಂದು ತಿಳಿಯಲು ಬಂದವರಲ್ಲ. ಇವತ್ತಿನ ಕೌರವ ಯಾವ ಅರ್ಥ ಹೇಳುತ್ತಾನೆ, ಭಾಗವತರು ಯಾವ ಪದ್ಯವನ್ನು ಹೇಗೆ ಎತ್ತುತ್ತಾರೆ ಎಂದು ಕಾಯುತ್ತಾರೆ. ಈ ಸ್ವಾರಸ್ಯ ಕೊನೆ ಹೇಳಿದರೆ ಕೆಡುವುದಿಲ್ಲ.

'ಸ್ವಾರಸ್ಯಕರ' ಸರಿ. ಈಚೆಗೆ ಕಾಣುವ 'ಸ್ವಾರಸ್ಯತೆ' ಬೇಡ. ಭಾವನಾಮಕ್ಕೆ ಮತ್ತೊಂದು 'ತೆ' ಅನಗತ್ಯ.